ರಾಮಿರೇಜಿ ಕುಬ್ಜ ಸಿಕ್ಲಿಡ್‌ನ ತವರು: ಲಾನೋಸ್ ಬಯಲಿನ ನೀರು ಎಂಥದು?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಅಕ್ವೇರಿಯಂ ಅಂಗಡಿಗಳಲ್ಲಿ ‘ಬ್ಲೂ ರ‍್ಯಾಮ್’ ಅಥವಾ ‘ಜರ್ಮನ್ ರ‍್ಯಾಮ್’ ಎಂದು ಮಾರುವ, ಸಿಕ್ಲಿಡ್ ಎಂಬ ಕುಟುಂಬದ ಪುಟ್ಟ ಮೀನನ್ನು, ಎಂದರೆ ಮೈಕ್ರೋಜಿಯೋಫೇಗಸ್ ರಾಮಿರೇಜಿಯನ್ನು ಸಾಕಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಯಾರನ್ನು ಕೇಳಿದರೂ ‘ನಾಜೂಕಿನ ಮೀನು, ಬೇಗ ಸಾಯುತ್ತದೆ’ ಎಂಬ ಒಂದೇ ಉತ್ತರ ಬರುತ್ತದೆ. ಏಕೆ ನಾಜೂಕು, ಯಾವುದರ ಎದುರು ನಾಜೂಕು ಎಂದು ವಿವರಿಸುವವರು ಸಿಗುತ್ತಿಲ್ಲ. ಅಂಗಡಿಯ ಚೀಟಿಯಲ್ಲಿ ‘ಅಮೆಜಾನ್ ನದಿಯ ಮೀನು’ ಎಂದಷ್ಟೇ ಇರುತ್ತದೆ. ಕಾಡಿನಲ್ಲೋ ಬಯಲಿನಲ್ಲೋ ಈ ಮೀನು ಲಕ್ಷಾಂತರ ವರ್ಷಗಳಿಂದ ಬದುಕಿಕೊಂಡು ಬಂದಿರುವಾಗ ಅದನ್ನು ದುರ್ಬಲವೆಂದು ಕರೆಯುವುದು ಸರಿಯೆನಿಸುವುದಿಲ್ಲ. ಇದರ ನಿಜವಾದ ನೆಲೆ ಯಾವುದು, ಅಲ್ಲಿನ ನೀರು, ನೆಲ, ಮಳೆ, ಬೇಸಿಗೆ ಹೇಗಿರುತ್ತವೆ, ಅವುಗಳಿಂದ ನಾವು ತಿಳಿದುಕೊಳ್ಳಬೇಕಾದದ್ದು ಏನು ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹೊಳೆಸಾಲು:

ತುಂಗಾತೀರ ಅವರೇ, ಮೊದಲು ಆ ಚೀಟಿಯನ್ನು ತಿದ್ದೋಣ. ಈ ಮೀನು ಅಮೆಜಾನಿನದಲ್ಲ. ಅದರ ಉತ್ತರಕ್ಕಿರುವ ಒರಿನೋಕೊ ನದಿಯ ಜಲಾನಯನ ಪ್ರದೇಶಕ್ಕೆ ಸೇರಿದ್ದು. ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳಲ್ಲಿ, ಆಂಡಿಸ್ ಪರ್ವತದ ಪೂರ್ವದ ಬುಡದಿಂದ ಒರಿನೋಕೊವಿನ ದಂಡೆಯವರೆಗೆ ಹರಡಿಕೊಂಡಿರುವ ಲಾನೋಸ್ ಎಂಬ ವಿಶಾಲ ಹುಲ್ಲುಗಾವಲೇ ಇದರ ಮನೆ. ಶಾಲೆಯ ಭೂಗೋಳದಲ್ಲಿ ಪಂಪಾಸ್, ಕಾಂಪೋಸ್‌ಗಳ ಜೊತೆಗೆ ನಾವೆಲ್ಲ ಬಾಯಿಪಾಠ ಮಾಡಿದ ಲಾನೋಸ್ ಇದೇ. ಅಪೂರೆ, ಅರಾವುಕಾ, ಮೆಟಾ ಮುಂತಾದ ಉಪನದಿಗಳು ಈ ಬಯಲನ್ನು ದಾಟಿ ಒರಿನೋಕೊವನ್ನು ಸೇರುತ್ತವೆ.

1948ರಲ್ಲಿ ಜಾರ್ಜ್ ಮೈಯರ್ಸ್ ಮತ್ತು ರಾಬರ್ಟ್ ಹ್ಯಾರಿ ಎಂಬ ಅಮೆರಿಕದ ಮೀನುಶಾಸ್ತ್ರಜ್ಞರು ಈ ಪ್ರಭೇದವನ್ನು ಮೊದಲ ಬಾರಿಗೆ ವಿವರಿಸಿ, ಅದನ್ನು ಅಕ್ವೇರಿಯಂ ವ್ಯಾಪಾರಕ್ಕಾಗಿ ಸಂಗ್ರಹಿಸಿದವರಲ್ಲಿ ಒಬ್ಬರಾದ ಮ್ಯಾನುಯೆಲ್ ರಾಮಿರೆಜ್ ಅವರ ಹೆಸರನ್ನಿಟ್ಟರು. ಆಗ ಅದನ್ನು ಅಪಿಸ್ಟೋಗ್ರಾಮಾ ಕುಲದಲ್ಲಿ ಸೇರಿಸಲಾಗಿತ್ತು. ಮುಂದೆ 1977ರಲ್ಲಿ ಸ್ವೀಡನ್ನಿನ ಸ್ವೆನ್ ಕುಲ್ಲಾಂಡರ್ ಅವರು ಪಾಪಿಲಿಯೋಕ್ರೋಮಿಸ್ ಎಂಬ ಪ್ರತ್ಯೇಕ ಕುಲವನ್ನು ಸೂಚಿಸಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಆ ಹೆಸರೂ ಕಾಣಸಿಗುತ್ತದೆ. ಇಂದು ಮೈಕ್ರೋಜಿಯೋಫೇಗಸ್ ಎಂಬುದೇ ಒಪ್ಪಿತವಾಗಿದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಲಾನೋಸ್‌ನಲ್ಲಿ ವರ್ಷವೆಂದರೆ ಎರಡೇ ಕಾಲ. ಸುಮಾರಾಗಿ ಮೇ ತಿಂಗಳಿನಿಂದ ಅಕ್ಟೋಬರ್, ನವೆಂಬರ್‌ವರೆಗೆ ಮಳೆ ಬೀಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹನಿ ನೀರಿಗೂ ಬರ. ನೆಲ ಎಷ್ಟು ಸಪಾಟಾಗಿದೆಯೆಂದರೆ ಮಳೆಗಾಲದಲ್ಲಿ ನೀರಿಗೆ ಹರಿದುಹೋಗಲು ಇಳಿಜಾರೇ ಸಿಗದೆ, ಹುಲ್ಲುಗಾವಲೇ ಮೊಣಕಾಲುದ್ದದ, ಸೊಂಟದುದ್ದದ ಕೆರೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಪುಟ್ಟ ಸಿಕ್ಲಿಡ್ ವಾಸಿಸುವುದು ಕೆಸರು ಹೊತ್ತು ಹರಿಯುವ ದೊಡ್ಡ ನದಿಗಳ ನಡುನೀರಿನಲ್ಲಲ್ಲ. ಬಯಲಿನ ಸಣ್ಣ ಹಳ್ಳಗಳು, ಹೊಂಡಗಳು, ಮೊರಿಚೆ ಎಂಬ ತಾಳೆಜಾತಿಯ ಮರಗಳ ಸಾಲಿನ ಕೆಳಗೆ ಜಿನುಗುವ ತಿಳಿನೀರಿನ ತೊರೆಗಳು, ಮಳೆಗಾಲದಲ್ಲಿ ಮುಳುಗಿದ ಹುಲ್ಲಿನ ಅಂಚುಗಳು ಇದಕ್ಕೆ ಇಷ್ಟ. ಅಲ್ಲಿ ನೀರು ನಿಧಾನ, ಆಳ ಕಡಿಮೆ, ತಳದಲ್ಲಿ ಮರಳು ಅಥವಾ ನುಣುಪಾದ ಹೂಳು, ಸುತ್ತ ದಟ್ಟವಾದ ಜಲಸಸ್ಯ, ಮೇಲೆ ಉಷ್ಣವಲಯದ ನೇರ ಬಿಸಿಲು.

ಹೀಗಾಗಿ ಅಲ್ಲಿನ ನೀರು ಬೆಚ್ಚಗಿರುತ್ತದೆ. ಈ ಮೀನಿನ ನೆಲೆಗಳಿಗೆ ಸಾಮಾನ್ಯವಾಗಿ ನಮೂದಾಗುವ ಉಷ್ಣತೆ 27ರಿಂದ 30 ಡಿಗ್ರಿ ಸೆಲ್ಸಿಯಸ್, ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲೀಯ) 5.2ರಿಂದ 6.7. ಯುಗಯುಗಗಳ ಮಳೆ ಅಲ್ಲಿನ ಮಣ್ಣನ್ನು ತೊಳೆದು, ಸುಣ್ಣದಂಥ ಕರಗುವ ಲವಣಗಳನ್ನೆಲ್ಲ ಕೊಚ್ಚಿಕೊಂಡು ಹೋಗಿದೆ. ಆದುದರಿಂದ ಬಿದ್ದ ಮಳೆನೀರು ನೆಲದಿಂದ ಹೆಚ್ಚೇನನ್ನೂ ಪಡೆಯದೆ, ಬಹುಮಟ್ಟಿಗೆ ಮಳೆನೀರಾಗಿಯೇ ಉಳಿಯುತ್ತದೆ. ಬೆಚ್ಚಗೆ, ಮೆದು (ಎಂದರೆ ಕರಗಿದ ಲವಣ ಕಡಿಮೆ), ತುಸು ಆಮ್ಲೀಯ: ಈ ಮೂರನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳಬೇಕು. ಇವುಗಳಲ್ಲಿ ಒಂದನ್ನು ಮಾತ್ರ ಕೊಟ್ಟು ಉಳಿದೆರಡನ್ನು ಮರೆತರೆ ಮೀನಿಗೆ ಪ್ರಯೋಜನವಾಗುವುದಿಲ್ಲ.

ನೀವು ಕೇಳಿದ ‘ದುರ್ಬಲವೇ’ ಎಂಬ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಅಲ್ಲ ಎಂಬುದು. ಬೇಸಿಗೆಯಲ್ಲಿ ಹೊಂಡಗಳು ಬತ್ತುತ್ತಾ ಬಂದಾಗ ಬಿಸಿಯೇರಿದ ನೀರು, ಕುಸಿಯುವ ಆಮ್ಲಜನಕ, ಅದೇ ಹೊಂಡದಲ್ಲಿ ಸಿಕ್ಕಿಬಿದ್ದ ಪಿರಾನಾಗಳು, ದಡದಲ್ಲಿ ಸಾಲುಗಟ್ಟಿದ ಕೊಕ್ಕರೆಗಳು, ಇವೆಲ್ಲವನ್ನೂ ಎದುರಿಸಿ ಉಳಿದ ಮೀನು ಇದು. 1800ರ ಮಾರ್ಚ್‌ನಲ್ಲಿ, ಬೇಸಿಗೆಯ ನಡುವೆ ಈ ಬಯಲನ್ನು ದಾಟಿದ ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರು ಕಲಬೋಸೊ ಪಟ್ಟಣದ ಬಳಿ ವಿದ್ಯುತ್ ಈಲ್‌ಗಳನ್ನು ಹಿಡಿಸಿ ಪರೀಕ್ಷಿಸಿದ್ದು ಇಂಥ ಕುಗ್ಗಿದ ಹೊಂಡವೊಂದರಲ್ಲೇ. ಅಷ್ಟು ಕಠಿಣವಾದ ಊರಿನ ಮೀನನ್ನು ನಾಜೂಕು ಎನ್ನುವುದಕ್ಕಿಂತ, ತನ್ನ ಊರಿನ ನೀರಿಗೆ ಪೂರ್ತಿಯಾಗಿ ಒಗ್ಗಿಕೊಂಡ ಮೀನು ಎನ್ನುವುದು ನ್ಯಾಯ.

ಮೈಸೂರಿನ ಹವ್ಯಾಸಿ:

ಹೊಳೆಸಾಲು ಸರ್, ಬಹಳ ಉಪಯುಕ್ತವಾದ ವಿವರಣೆ. ಒಂದು ಸಂದೇಹವಿದೆ. ದಕ್ಷಿಣ ಅಮೆರಿಕದ ಮೀನುಗಳಿಗೆಂದು ನಾವೆಲ್ಲ ಮರದ ಬೇರು ತುಂಬಿಸಿ, ಬೆಳಕನ್ನು ತಗ್ಗಿಸಿ, ಚಹಾದ ಡಿಕಾಕ್ಷನ್ ಬಣ್ಣದ ‘ಕಪ್ಪುನೀರಿನ’ ತೊಟ್ಟಿ ಮಾಡುವುದು ರೂಢಿ. ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನುಗಳ ಜೊತೆಗೆ ರ‍್ಯಾಮ್‌ಗಳನ್ನು ಬಿಡುವುದೂ ಉಂಟು. ಲಾನೋಸ್ ಅಷ್ಟು ಬಿಸಿಲಿನ ಜಾಗವಾಗಿದ್ದರೆ ಈ ಕತ್ತಲೆಯ ತೊಟ್ಟಿ ಅದಕ್ಕೆ ಸರಿಯೇ?

ಹೊಳೆಸಾಲು:

ಒಳ್ಳೆಯ ಪ್ರಶ್ನೆ. ಕಾರ್ಡಿನಲ್ ಟೆಟ್ರಾ ಅಮೆಜಾನಿನ ಉಪನದಿ ರಿಯೊ ನೀಗ್ರೊ ಮತ್ತು ಮೇಲಿನ ಒರಿನೋಕೊ ಭಾಗದ ಕಾಡಿನ ತೊರೆಗಳ ಮೀನು. ಅಲ್ಲಿ ಮರಗಳ ನೆರಳಿದೆ, ಎಲೆ ಕೊಳೆತು ಬಣ್ಣವೇರಿದ ನೀರಿದೆ. ರಾಮಿರೇಜಿಯದು ಬಯಲು. ಮೊರಿಚೆ ಸಾಲಿನ ತೊರೆಗಳಲ್ಲಿ ನೀರಿಗೆ ತೆಳುವಾದ ಕಂದು ಛಾಯೆ ಬರುವುದುಂಟಾದರೂ ಒಟ್ಟಾರೆ ಅದು ಬೆಳಕಿನ ಮೀನು. ನೀರಿನ ರಾಸಾಯನಿಕ ಗುಣದಲ್ಲಿ ಎರಡಕ್ಕೂ ಹೊಂದಿಕೆಯಿರುವುದರಿಂದ ಒಟ್ಟಿಗೆ ಸಾಕಲು ತೊಂದರೆಯಿಲ್ಲ. ಎರಡೂ ಒಂದೇ ಹಳ್ಳದ ನೆರೆಹೊರೆಯವೆಂದು ತಿಳಿಯಬಾರದಷ್ಟೆ.

ಈ ಮೀನಿನ ಬಣ್ಣವನ್ನು ಗಮನಿಸಿದರೆ ಬೆಳಕಿನ ಮಹತ್ವ ತಿಳಿಯುತ್ತದೆ. ಮುಂಭಾಗದ ಹಳದಿ, ಕೆಂಪು ಕಣ್ಣು, ಕಣ್ಣನ್ನು ಸೀಳಿದಂತೆ ಇಳಿಯುವ ಕಪ್ಪು ಪಟ್ಟೆ, ಪಕ್ಕೆಯ ಕಪ್ಪು ಚುಕ್ಕೆ, ಮೈತುಂಬ ಚೆಲ್ಲಿದ ನೀಲಿ ಮಿನುಗು ಇವೆಲ್ಲ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅರ್ಧಕ್ಕರ್ಧ ಮಂಕಾಗಿರುತ್ತವೆ. ಆ ನೀಲಿ ಯಾವುದೇ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ. ಚರ್ಮದ ಕೋಶಗಳೊಳಗೆ ಪದರಪದರವಾಗಿ ಕೂತಿರುವ ಗ್ವಾನಿನ್ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಅದು ಕಾಣುತ್ತದೆ. ಮೇಲಿನಿಂದ ಬೆಳಕು ಓರೆಯಾಗಿ ಬಿದ್ದಾಗ, ಮೀನು ತುಸು ಹೊರಳಿದಾಗ, ಆ ನೀಲಿ ತಲೆಯಿಂದ ಬಾಲದವರೆಗೆ ಹರಿದಾಡುತ್ತದೆ.

ಆದುದರಿಂದ ನನ್ನ ಸಲಹೆ ಹೀಗಿದೆ: ತಳಕ್ಕೆ ಚೂಪಿಲ್ಲದ ನಯವಾದ ಮರಳು ಹಾಕಿ, ಗಿಡಗಳನ್ನು ದಟ್ಟವಾಗಿ ಬೆಳೆಸಿ, ನಡುವೆ ಬಯಲು ಬಿಡಿ, ಒಂದು ಬದಿಯಲ್ಲಿ ತೇಲುಗಿಡಗಳ ನೆರಳಿರಲಿ. ಮರಳು ಅಲಂಕಾರಕ್ಕಲ್ಲ. ಈ ಮೀನು ಬಾಯಿತುಂಬ ಮರಳನ್ನು ತೆಗೆದುಕೊಂಡು, ಅದರಲ್ಲಿರುವ ಹುಳುಹುಪ್ಪಟೆಗಳನ್ನೂ ಸಣ್ಣ ಕಠಿಣಚರ್ಮಿಗಳನ್ನೂ ಉಳಿಸಿಕೊಂಡು, ಉಳಿದದ್ದನ್ನು ಕಿವಿರುಗಳ ಮೂಲಕ ಹೊರಚೆಲ್ಲುತ್ತದೆ. ಚೂಪು ಅಂಚಿನ ಜಲ್ಲಿ ಹಾಕಿದರೆ ಈ ನಡವಳಿಕೆಯೇ ನಿಂತುಹೋಗುತ್ತದೆ.

ಬಾವಿಕಟ್ಟೆ (ಪುತ್ತೂರು):

ಲಾನೋಸ್‌ನ ಮಣ್ಣಿನ ವಿವರಣೆ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಭಾಗದ ಮುರಕಲ್ಲಿನ ನೆಲದ ಕಥೆಯೂ ಬಹುಮಟ್ಟಿಗೆ ಅದೇ. ಇಲ್ಲಿಯೂ ಭಾರಿ ಮಳೆ ನೆಲವನ್ನು ತೊಳೆದು ಸುಣ್ಣದ ಅಂಶವನ್ನು ಒಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಕೆಂಪು ಕಲ್ಲು. ನಮ್ಮ ತೆರೆದ ಬಾವಿಯ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಮೀಟರ್ ನೂರನ್ನು ಮುಟ್ಟುವುದಿಲ್ಲ, ಪಿಎಚ್ 6ರ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನ ಸ್ನೇಹಿತರು ಆರ್‌ಒ ಯಂತ್ರವಿಟ್ಟು ತಯಾರಿಸುವ ನೀರು ನಮಗೆ ರಾಟೆ ಹಗ್ಗದ ತುದಿಯಲ್ಲಿ ಸಿಗುತ್ತದೆ.

ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಆಗಷ್ಟೇ ಸೇದಿದ ಬಾವಿನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅಳತೆ ತಪ್ಪು ತೋರಿಸುತ್ತದೆ. ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಗಾಳಿ ಹಾಯಿಸಿದ ಮೇಲೆ ಪಿಎಚ್ ಮೇಲಕ್ಕೇರುತ್ತದೆ, ಆ ಅಂಕಿಯನ್ನೇ ನಂಬಬೇಕು. ಎರಡನೆಯದು, ಇಷ್ಟು ಮೆದುವಾದ ನೀರಿಗೆ ಪಿಎಚ್ ಅನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಮೀನು ಹೆಚ್ಚಾಗಿ, ಊಟ ಹೆಚ್ಚಾಗಿ, ನೀರು ಬದಲಿಸುವುದು ತಡವಾದರೆ ಅದು ಸದ್ದಿಲ್ಲದೆ 5ಕ್ಕಿಂತ ಕೆಳಗಿಳಿಯುತ್ತದೆ ಮತ್ತು ಮೀನಿನ ತ್ಯಾಜ್ಯವನ್ನು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ.

ಇಂಥ ನೀರಿನಲ್ಲಿ ರ‍್ಯಾಮ್ ಜೋಡಿಯೊಂದು ಸಂಸಾರ ಹೂಡುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗಿದೆ. ಗಂಡು ಹೆಣ್ಣು ಎರಡೂ ಸೇರಿ ಚಪ್ಪಟೆ ಕಲ್ಲೊಂದನ್ನು ಬಾಯಿಯಿಂದ ಉಜ್ಜಿ ಉಜ್ಜಿ, ಪಾಚಿಯ ಕುರುಹೂ ಇಲ್ಲದಂತೆ ಸ್ವಚ್ಛಗೊಳಿಸುತ್ತವೆ. ಹೆಣ್ಣಿನ ಹೊಟ್ಟೆ ಆಗ ಗಾಢವಾದ ಗುಲಾಬಿ. ಅದು ಕಲ್ಲಿಗೆ ಮೈಯೊತ್ತಿ ಮುಂದೆ ಸಾಗುತ್ತಾ ಒಂದಷ್ಟು ಮೊಟ್ಟೆಗಳನ್ನು ಅಂಟಿಸುತ್ತದೆ, ಹಿಂದೆಯೇ ಗಂಡು ಅದೇ ದಾರಿಯಲ್ಲಿ ಸಾಗಿ ಫಲೀಕರಿಸುತ್ತದೆ, ಮತ್ತೆ ಹೆಣ್ಣು, ಮತ್ತೆ ಗಂಡು. ಸಾಮಾನ್ಯವಾಗಿ 150ರಿಂದ 300 ಮೊಟ್ಟೆಗಳಿರುತ್ತವೆ. ನೀರು 29 ಡಿಗ್ರಿ ಇದ್ದರೆ ಸುಮಾರು 40 ಗಂಟೆಗಳಲ್ಲಿ ಅವು ಒಡೆಯುತ್ತವೆ. ಬಾಲ ಅಲ್ಲಾಡಿಸುವುದಷ್ಟೇ ಗೊತ್ತಿರುವ ಆ ಮರಿಗಳನ್ನು ತಾಯಿತಂದೆ ಬಾಯಲ್ಲಿ ಎತ್ತಿ, ಮೊದಲೇ ಮರಳಿನಲ್ಲಿ ತೋಡಿಟ್ಟ ಗುಳಿಗೆ ಸಾಗಿಸುತ್ತವೆ. ಸುಮಾರು ಐದು ದಿನಗಳಲ್ಲಿ ಮರಿಗಳು ಈಜತೊಡಗಿದಾಗ ಗುಂಪಿನ ಮುಂದೊಂದು ಹಿಂದೊಂದು ದೊಡ್ಡ ಮೀನು ಕಾವಲಿರುತ್ತದೆ. ಗುಂಪು ಬಿಟ್ಟ ಮರಿಯನ್ನು ಗಂಡು ಬಾಯೊಳಗೆ ಸೆಳೆದುಕೊಂಡಾಗ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ಆದರೆ ಅದು ತಿನ್ನುವುದಲ್ಲ. ಬಾಯೊಳಗೆ ಹೊರಳಿಸಿ, ಶುಚಿ ಮಾಡಿ, ಗುಳಿಗೆ ಉಗುಳುತ್ತದೆ.

ಮರಿಗಳ ಬಾಯಿ ಬಹಳ ಚಿಕ್ಕದು. ಮೊದಲ ಕೆಲವು ದಿನ ಹಸಿರು ನೀರಿನ ಸೂಕ್ಷ್ಮಜೀವಿಗಳನ್ನು ಕೊಟ್ಟು, ಆಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಕಠಿಣಚರ್ಮಿಯ ಮರಿಗಳನ್ನು ಕೊಡುವುದು ಕ್ಷೇಮ.

ಸಿಲಿಕಾನ್ ಸಿಕ್ಲಿಡ್ (ಬೆಂಗಳೂರು):

ಎಲ್ಲರ ಬರಹಗಳನ್ನೂ ಗೌರವಿಸುತ್ತಲೇ ನಾನು ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ನಮಗೆ ಸಿಗುವ ರ‍್ಯಾಮ್‌ಗಳು ಲಾನೋಸ್‌ನಿಂದ ಬಂದವಲ್ಲ. ಹಲವಾರು ತಲೆಮಾರುಗಳಿಂದ ಯುರೋಪಿನಲ್ಲಿಯೂ ಸಿಂಗಪುರವೇ ಮೊದಲಾದ ಆಗ್ನೇಯ ಏಷ್ಯಾದ ಸಾಕಣೆ ಕೇಂದ್ರಗಳಲ್ಲಿಯೂ ಹುಟ್ಟಿ ಬೆಳೆದು, ಚೆನ್ನೈನ ಕೊಳತ್ತೂರಿನಂಥ ಮಾರುಕಟ್ಟೆಗಳನ್ನು ಹಾದು ಬಂದ ಮೀನುಗಳು. ಚಿನ್ನದ ಬಣ್ಣದ್ದು, ‘ಎಲೆಕ್ಟ್ರಿಕ್ ಬ್ಲೂ’, ಗುಂಡುಹೊಟ್ಟೆಯ ‘ಬಲೂನ್’ ಇವೆಲ್ಲ ಮನುಷ್ಯರು ಆರಿಸಿ ಬೆಳೆಸಿದ ತಳಿಗಳು. ಕಾಡಿನಲ್ಲಿ ಅವು ಇಲ್ಲವೇ ಇಲ್ಲ. ಹೀಗಿರುವಾಗ ಒರಿನೋಕೊವಿನ ನೀರಿನ ಅಂಕಿಗಳನ್ನು ಹಿಡಿದು ಬೆಂಗಳೂರಿನಲ್ಲಿ ತೊಟ್ಟಿ ಕಟ್ಟುವುದರಲ್ಲಿ ಅರ್ಥವಿದೆಯೇ? ನನ್ನ ಪರಿಚಿತರೊಬ್ಬರು ಕಾವೇರಿ ನೀರಿನಲ್ಲಿ, ಏನನ್ನೂ ಬದಲಿಸದೆ, ಇವುಗಳನ್ನು ಚೆನ್ನಾಗಿಯೇ ಸಾಕಿದ್ದಾರೆ.

ಜಲಸಸ್ಯ:

ಸಿಲಿಕಾನ್ ಸಿಕ್ಲಿಡ್ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಸಾಕಣೆಯಲ್ಲಿ ಹುಟ್ಟಿದ ರ‍್ಯಾಮ್ ಕಾಡಿನ ಮೀನಿಗಿಂತ ನೀರಿನ ಹೆಚ್ಚು ಗಡಸುತನವನ್ನು (ಕರಗಿದ ಸುಣ್ಣದಂಥ ಲವಣಗಳನ್ನು) ಸಹಿಸುತ್ತದೆ, ಪಿಎಚ್ 7ರ ಆಸುಪಾಸಿನ ಕಾವೇರಿ ನೀರಿನಲ್ಲಿ ಬದುಕುತ್ತದೆ. ಆದರೆ ಬದುಕುವುದು ಬೇರೆ, ವಂಶ ಬೆಳೆಸುವುದು ಬೇರೆ. ಸುಣ್ಣದ ಅಂಶ ಹೆಚ್ಚಿರುವ ಕೊಳವೆಬಾವಿ ನೀರಿನಲ್ಲಿ ಇವು ಮೊಟ್ಟೆಯಿಟ್ಟರೂ ಬಹುಪಾಲು ಮೊಟ್ಟೆಗಳು ಬೆಳ್ಳಗಾಗಿ ಬೂಷ್ಟು ಹಿಡಿಯುವುದನ್ನು ಅನೇಕ ಸಾಕಣೆದಾರರು ಕಂಡಿದ್ದಾರೆ.

ಇನ್ನು, ಉಷ್ಣತೆಯ ಅಗತ್ಯವನ್ನು ಯಾವ ಸಾಕಣೆಯೂ ಅಳಿಸಿಲ್ಲ. ಅದಕ್ಕೆ ಅಂಟಿಕೊಂಡೇ ಬರುವ ಒಂದು ರಾಸಾಯನಿಕ ಸತ್ಯವೂ ಇದೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಎಂಬ ರೂಪ ಬಹುಮಟ್ಟಿಗೆ ನಿರುಪದ್ರವಿ, ಮುಕ್ತ ಅಮೋನಿಯಾ ಕಿವಿರನ್ನು ಸುಡುವ ವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.6ರಷ್ಟು, ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ, ನೀರು ಬೆಚ್ಚಗಾದಷ್ಟೂ ಇನ್ನೂ ಏರುತ್ತದೆ. ಲಾನೋಸ್‌ನಲ್ಲಿ ನೀರು ಬಿಸಿ, ಆದರೆ ಆಮ್ಲೀಯವಾದ್ದರಿಂದ ಈ ವಿಷದ ಕಾಟ ಕಡಿಮೆ. ನಾವು 29 ಡಿಗ್ರಿಗೆ ಹೀಟರ್ ಇಟ್ಟು, ಪಿಎಚ್ 8ರ ಕೊಳವೆಬಾವಿ ನೀರನ್ನು ತುಂಬಿ, ಫಿಲ್ಟರ್ ಇನ್ನೂ ಪಕ್ವವಾಗದ (ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯದ) ಹೊಸ ತೊಟ್ಟಿಗೆ ಮೀನನ್ನು ಬಿಟ್ಟಾಗ, ಆ ಮೀನು ತನ್ನ ವಂಶದಲ್ಲಿ ಯಾರೂ ಕಾಣದ ವಿಷವನ್ನು ಕಾಣುತ್ತದೆ. ‘ಕೆಲವೇ ವಾರಗಳಲ್ಲಿ ಸತ್ತಿತು’ ಎಂಬ ದೂರುಗಳಲ್ಲಿ ಹಲವಕ್ಕೆ ಇದೇ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ.

ಆಮ್ಲಜನಕದ್ದೂ ಹೀಗೆಯೇ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ 30 ಡಿಗ್ರಿಯದು ಸುಮಾರು 7.5 ಮಾತ್ರ. ಬೆಚ್ಚಗಿನ ತೊಟ್ಟಿಯಲ್ಲಿ ನೀರಿನ ಮೇಲ್ಮೈ ಸದಾ ಅಲುಗುತ್ತಿರಬೇಕು, ಮೀನಿನ ಸಂಖ್ಯೆ ಮಿತವಾಗಿರಬೇಕು. ‘ಬಲೂನ್’ ತಳಿಯನ್ನಂತೂ ಕೊಳ್ಳಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೆನ್ನೆಲುಬನ್ನು ಕುಗ್ಗಿಸಿ, ಒಳಾಂಗಗಳನ್ನು ಒತ್ತರಿಸಿ ಮಾಡಿದ ಆ ಆಕಾರದಲ್ಲಿ ಮೀನಿಗೆ ನೆಟ್ಟಗೆ ಈಜಲೂ ಕಷ್ಟ.

ಮೀನುಗಾರಿಕೆ ವಿದ್ಯಾರ್ಥಿನಿ:

ಕಾಡಿನ ನೆಲೆಯನ್ನು ತಿಳಿಯುವುದರ ಅಗತ್ಯ ತೊಟ್ಟಿಗೆ ಮಾತ್ರ ಸೀಮಿತವಲ್ಲ ಎಂದು ಸೇರಿಸಬಯಸುತ್ತೇನೆ. ಅಮೆರಿಕದ ಪರಿಸರ ವಿಜ್ಞಾನಿ ಕಿರ್ಕ್ ವೈನ್‌ಮಿಲ್ಲರ್ ಅವರು ವೆನೆಜುವೆಲಾದ ಲಾನೋಸ್‌ನ ಕಾನ್ಯೊ ಮರಾಕಾ ಎಂಬ ಹಳ್ಳದಲ್ಲಿ 1984ರಲ್ಲಿ ವರ್ಷವಿಡೀ ಮೀನುಗಳನ್ನು ಗಮನಿಸಿ, ಅಲ್ಲಿನ ಮೀನುಗಳ ಜೀವನಕ್ರಮದಲ್ಲಿ ಮೂರು ಮುಖ್ಯ ಬಗೆಗಳನ್ನು ಗುರುತಿಸಿದರು. ಮಳೆ ಬಂದೊಡನೆ ಅಪಾರ ಸಂಖ್ಯೆಯ ಮೊಟ್ಟೆಗಳನ್ನು ಚೆಲ್ಲಿ ಹೋಗುವವು ಒಂದು ಬಗೆ, ಬೇಗ ಬೆಳೆದು ಪದೇ ಪದೇ ಮರಿ ಮಾಡುವ ಪುಟ್ಟ ಮೀನುಗಳು ಇನ್ನೊಂದು, ಕಡಿಮೆ ಮೊಟ್ಟೆಯಿಟ್ಟು ಮರಿಗಳನ್ನು ಕಾಯುವವು ಮತ್ತೊಂದು. ಸಿಕ್ಲಿಡ್‌ಗಳು ಸಾಮಾನ್ಯವಾಗಿ ಮೂರನೆಯ ಬಗೆಗೆ ಸೇರುತ್ತವೆ. ನನ್ನ ದೃಷ್ಟಿಯಲ್ಲಿ ರಾಮಿರೇಜಿ ಎರಡನೆಯದರ ಆತುರವನ್ನೂ ಮೂರನೆಯದರ ಜತನವನ್ನೂ ಒಂದುಗೂಡಿಸಿಕೊಂಡಿದೆ. ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬರುವುದು, ಎರಡು ಮೂರು ವರ್ಷಗಳಲ್ಲಿ ಬದುಕು ಮುಗಿಸುವುದು, ಆದರೂ ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು, ಇವು ಬತ್ತುವ ಹೊಂಡಗಳ ಊರಿಗೆ ತಕ್ಕ ಗುಣಗಳು. ಎರಡು ವರ್ಷ ಬದುಕಿದ ರ‍್ಯಾಮ್ ಸತ್ತರೆ ಸಾಕಿದವರು ತಮ್ಮನ್ನು ದೂಷಿಸಿಕೊಳ್ಳಬೇಕಾಗಿಲ್ಲ.

ಆ ಊರು ಈಗ ಬದಲಾಗುತ್ತಿದೆ. ಕೊಲಂಬಿಯಾದ ಲಾನೋಸ್‌ನಲ್ಲಿ ಎಣ್ಣೆತಾಳೆಯ ತೋಟಗಳೂ ಭತ್ತದ ಗದ್ದೆಗಳೂ ಹರಡುತ್ತಿವೆ. ವೆನೆಜುವೆಲಾದ ಗ್ವಾರಿಕೊ, ಪೋರ್ಚುಗೇಸಾ ರಾಜ್ಯಗಳು ಆ ದೇಶದ ಭತ್ತದ ಕಣಜಗಳು. ಆಮ್ಲೀಯ ಮಣ್ಣಿನಲ್ಲಿ ಬೆಳೆ ತೆಗೆಯಲು ಸುಣ್ಣ ಸುರಿಯಬೇಕಾಗುತ್ತದೆ, ಗೊಬ್ಬರ ಹಾಕಬೇಕಾಗುತ್ತದೆ. ಮೇಲಿನ ಹೊಲದ ಸುಣ್ಣ ಕೆಳಗಿನ ಮೊರಿಚೆ ತೊರೆಗೆ ಇಳಿದರೆ ಆ ನೀರಿನ ಮೂಲಗುಣವೇ ಮಾರ್ಪಡುತ್ತದೆ. ಲೋಕದಾದ್ಯಂತ ತೊಟ್ಟಿಗಳಲ್ಲಿ ಈ ಮೀನು ತುಂಬಿಕೊಂಡಿರುವುದರಿಂದ ಅದು ಕ್ಷೇಮವಾಗಿದೆ ಎಂದು ಭಾವಿಸುವುದು ಸಲ್ಲದು. ಸಾಕಣೆಯ ಮಿಶ್ರ ತಳಿಗಳು ಕಾಡಿನ ಮೀನಿಗೆ ಬದಲಿಯಾಗಲಾರವು.

ಮೈಸೂರಿನ ಹವ್ಯಾಸಿ:

ಮೇಡಂ, ಕರಾವಳಿಯ ನೀರು ಇಷ್ಟೊಂದು ಹೊಂದುವುದಾದರೆ ಅಲ್ಲಿನ ಕೆರೆ, ಮದಗಗಳಲ್ಲಿ ಈ ಮೀನನ್ನು ಬಿಟ್ಟು ಬೆಳೆಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಮೀನುಗಾರಿಕೆ ವಿದ್ಯಾರ್ಥಿನಿ:

ಖಂಡಿತ ಬಿಡಬಾರದು. ನೀರು ಹೊಂದುತ್ತದೆ ಎಂಬುದೇ ಬಿಡದಿರಲು ದೊಡ್ಡ ಕಾರಣ. ಆಫ್ರಿಕಾದ ಮೊಜಾಂಬಿಕ್ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಇಂದು ನಮ್ಮ ಕೆರೆಗಳಲ್ಲೆಲ್ಲ ‘ಜಿಲೇಬಿ’ ಎಂಬ ಹೆಸರಿನಲ್ಲಿ ತುಂಬಿ, ನಾಡಮೀನುಗಳ ಜಾಗವನ್ನು ಕಿತ್ತುಕೊಂಡಿರುವುದು ಅದೇ ಸಿಕ್ಲಿಡ್ ಕುಟುಂಬದ ಮೀನು. ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬುದನ್ನು 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದರು. ಹೆಸರೇ ಹೇಳುವಂತೆ ಅದು ಕೆನರಾದ್ದು, ದಕ್ಷಿಣ ಕನ್ನಡದ ಹೊಳೆಗಳಿಗೆ ಸೀಮಿತವಾದದ್ದು. ನಮ್ಮ ಹೊಳೆಗಳಲ್ಲಿ ಸಿಕ್ಲಿಡ್ ನೋಡಬೇಕೆನ್ನುವವರು ಅದನ್ನು ನೋಡಲಿ.

ತುಂಗಾತೀರ (ಶಿವಮೊಗ್ಗ):

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಕೇಳಿದ್ದಕ್ಕಿಂತ ಹೆಚ್ಚನ್ನೇ ಕೊಟ್ಟಿದ್ದೀರಿ. ಕೊನೆಯದಾಗಿ ಒಂದು ಪ್ರಶ್ನೆ: ನಮ್ಮೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಚಳಿಯಾಗಿರುತ್ತವೆ, ಆಗಾಗ ಕರೆಂಟೂ ಹೋಗುತ್ತದೆ. ಇದಕ್ಕೆ ಏನು ಮಾಡಬೇಕು, ಮೀನನ್ನು ಯಾವಾಗ ತರುವುದು ಒಳ್ಳೆಯದು?

ಜಲಸಸ್ಯ:

ಚಳಿಗಾಲ ಕಳೆದ ಮೇಲೆ, ಮಾರ್ಚ್ ಹೊತ್ತಿಗೆ ತನ್ನಿ. ತೊಟ್ಟಿಯನ್ನು ಈಗಲೇ ಕಟ್ಟಿ, ಗಿಡ ನೆಟ್ಟು, ಫಿಲ್ಟರ್ ಪಕ್ವವಾಗಲು ಬಿಡಿ. ನೀರು 22, 23 ಡಿಗ್ರಿಗೆ ಇಳಿದು ಹಾಗೆಯೇ ನಿಂತರೆ ಈ ಮೀನು ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ, ಬಿಳಿ ಚುಕ್ಕೆ ರೋಗ ಬರುತ್ತದೆ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಥರ್ಮೋಸ್ಟ್ಯಾಟ್ ಇರುವ ಹೀಟರ್ ಹಾಕಿ, ಅದರ ಮೇಲಿನ ಅಂಕಿಯನ್ನು ನಂಬದೆ ಬೇರೊಂದು ಥರ್ಮಾಮೀಟರನ್ನು ತೊಟ್ಟಿಯ ಎದುರು ತುದಿಯಲ್ಲಿಡಿ. ಕರೆಂಟು ಹೋದಾಗ ಗಾಜಿನ ಸುತ್ತ ದಪ್ಪ ಕಂಬಳಿ ಸುತ್ತಿ, ಬ್ಯಾಟರಿಯ ಏರ್ ಪಂಪ್ ಹಚ್ಚಿ; ತೊಟ್ಟಿ ದೊಡ್ಡದಿದ್ದಷ್ಟೂ ಶಾಖ ನಿಧಾನವಾಗಿ ಇಳಿಯುತ್ತದೆ, ಆದ್ದರಿಂದ 60 ಲೀಟರಿಗಿಂತ ಚಿಕ್ಕದು ಬೇಡ. ಕೊಳ್ಳುವಾಗ ಅತಿಯಾಗಿ ಮಿಂಚುವ ದೊಡ್ಡ ಗಂಡುಗಳನ್ನು ಬಿಟ್ಟು, ಎಳೆಯವೂ ಚುರುಕಾಗಿ ಮರಳು ಕೆದಕುತ್ತಿರುವವೂ ಆದ ಐದಾರು ಮರಿಗಳನ್ನು ಆರಿಸಿ, ಅವುಗಳಲ್ಲೇ ಜೋಡಿಯಾಗಲು ಬಿಡಿ. ಅಂಗಡಿಯ ನೀರಿನ ಪಿಎಚ್ ಮತ್ತು ಟಿಡಿಎಸ್ ಅನ್ನು ಅಲ್ಲಿಯೇ ಅಳೆದುಕೊಂಡು ಬಂದರೆ, ಅಲ್ಲಿಂದ ನಿಮ್ಮ ನೀರಿಗೆ ಎಷ್ಟು ನಿಧಾನವಾಗಿ ಒಗ್ಗಿಸಬೇಕೆಂಬುದನ್ನು ಲೆಕ್ಕ ಹಾಕಬಹುದು. ಆ ಎರಡು ಅಂಕಿಗಳನ್ನು ಇಲ್ಲಿ ಬರೆಯಿರಿ, ಉಳಿದದ್ದನ್ನು ಒಟ್ಟಿಗೆ ನೋಡೋಣ.